ಎಡಗಿವಿಗೆ ಹೇಳಿದ್ದು

ಎಡಬದಿಯ ಕಿಟಕಿ ಸೀಟು ಸಿಗಲಿಲ್ಲವೆಂದು ತೃಪ್ತಿ ಸಾಗರದ ಬಸ್ ನಿಲ್ದಾಣದಲ್ಲಿ ಹೊಸನಗರದ ಒಂದು ಬಸ್ಸನ್ನು ಬಿಟ್ಟುಕೊಟ್ಟಳು. ಅದು ಧೂಳೆಬ್ಬಿಸಿ ಹೋದ ಮೇಲೆ, ಬಿಟ್ಟದ್ದು ಸೀಟಿಗಾಗಿಯೋ, ಅಜ್ಜಿಯ ಮನೆಗೆ ಹೋಗುವುದನ್ನು ಅಷ್ಟು ಹೊತ್ತು ಮುಂದೂಡುವುದಕ್ಕಾಗಿಯೋ ಎಂದು ತನ್ನನ್ನೇ ಕೇಳಿಕೊಂಡಳು. ಮುಂದಿನ ಬಸ್ಸಿನಲ್ಲಿ ಬೇಕಾದ ಸೀಟೇ ಸಿಕ್ಕಿತು. ಕೇಳದ ಎಡಗಿವಿಯನ್ನು ಕಿಟಕಿಗೆ ಕೊಟ್ಟು ಕೂತುಬಿಟ್ಟರೆ ಲೋಕವೆಲ್ಲ ಬಲಕ್ಕೆ ಬರುತ್ತದೆ. ಕಂಡಕ್ಟರು, ಪಕ್ಕದಲ್ಲಿ ಕೂರುವವರು, ಚಿಲ್ಲರೆಯ ಜಗಳ, ಯಾರದೋ ಮೊಬೈಲಿನ ಹಾಡು, ಎಲ್ಲವೂ ಬಲಕ್ಕೆ. ಕತ್ತು ತಿರುಗಿಸುವ ಕೆಲಸವಿಲ್ಲ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಹಾಗಲ್ಲ. ಎದುರಿಗೆ ನಿಂತ ಗಿರಾಕಿಯ ಮಾತು ಬಲಗಿವಿಗೆ ಬೀಳಬೇಕಾದರೆ ಮುಖವನ್ನು ಎಡಕ್ಕೆ ಹೊರಳಿಸಿ ನಿಲ್ಲಬೇಕು. ಹಾಗೆ ಹೊರಳಿಸಿ ಹೊರಳಿಸಿ ಕತ್ತಿನ ಹಿಂಬದಿಯಲ್ಲಿ, ಯಾರೋ ಒದ್ದೆ ಬಟ್ಟೆಯನ್ನು ಹಿಂಡಿ, ಹಿಂಡಿದ್ದನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ನಿಂತಿದ್ದಾರೆ ಅನ್ನಿಸುವಂಥ ನೋವು. ಮೊನ್ನೆ ಓದುವ ಕನ್ನಡಕಕ್ಕೆ ಬಂದ ಮುದುಕರೊಬ್ಬರು ಎಲ್ಲರೆದುರು, "ಎಂತದು ಮಾರಾಯ್ತಿ, ಆಗಿಂದ ಮುಖ ಆಚೆ ತಿರುಗಿಸ್ಕಂಡೇ ಮಾತಾಡ್ತೀಯಲ್ಲ, ನನ್ ಬಾಯಿ ಅಷ್ಟು ನಾರ್ತದಾ?" ಎಂದಿದ್ದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗುವಾಗಲೂ ಮುಖ ಎಡಕ್ಕೇ ಇತ್ತು.

ಬಸ್ಸು ಊರು ದಾಟಿತು. ಪಕ್ಕದಲ್ಲಿ ಕೂತ ಹೆಂಗಸು ಮಡಿಲಲ್ಲಿ ಸೌತೆಕಾಯಿಯ ಚೀಲ ಇಟ್ಟುಕೊಂಡು ನಿದ್ದೆಗೆ ಜಾರಿದಳು. ತೃಪ್ತಿಯ ಎಡಗಿವಿಯೊಳಗೆ ಸಿಳ್ಳೆ ತನ್ನ ಪಾಡಿಗೆ ತಾನು ನಡೆದಿತ್ತು. ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಕುಕ್ಕರಿನದಲ್ಲ, ರೈಲಿನದೂ ಅಲ್ಲ. ಎಲ್ಲೋ ದೂರದ ಗುಡ್ಡದ ಮೇಲೆ ಯಾರೋ ಯಾರನ್ನೋ ಕರೆಯಲು ಶುರುಮಾಡಿ ನಿಲ್ಲಿಸುವುದನ್ನೇ ಮರೆತಂತೆ. ದೊಡ್ಡಾಸ್ಪತ್ರೆಯ ಡಾಕ್ಟರು ಪರದೆಯ ಮೇಲೆ ಅವಳ ತಲೆಯನ್ನು ಹೋಳು ಹೋಳಾಗಿ ಸರಿಸುತ್ತ, ಒಂದು ಹೋಳಿನ ಬಳಿ ನಿಂತು, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಬೆಳ್ಳಗೆ ಕೂತಿದ್ದ ಕಡಲೆಕಾಳನ್ನು ಪೆನ್ನಿನ ತುದಿಯಿಂದ ಮುಟ್ಟಿದ್ದರು. ಅವರು ಕೂತದ್ದು ಅವಳ ಎಡಕ್ಕೆ. "ಇದು ಬಿನೈನ್" ಎಂದದ್ದು ಅವಳಿಗೆ "ಇದು ವಿನಯ" ಎಂದು ಕೇಳಿಸಿತ್ತು. ಹೂಂ ಎಂದಿದ್ದಳು. ಆಮೇಲೆ ಅಮ್ಮ ಬಿಡಿಸಿ ಹೇಳಿದಾಗ, ಕ್ಯಾನ್ಸರ್ ಅಲ್ಲವಂತೆ, ಎಲ್ಲಿಗೂ ಹರಡುವುದಿಲ್ಲವಂತೆ, ಸದ್ಯಕ್ಕೆ ಮುಟ್ಟದೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರಂತೆ ಎಂದು ತಿಳಿದರೂ, ಮೊದಲು ಕೇಳಿಸಿದ ಹೆಸರೇ ಮನಸ್ಸಿನಲ್ಲಿ ನಿಂತಿತು. ವಿನಯದ ಗಡ್ಡೆ. ಕೈಕಟ್ಟಿಕೊಂಡು ಮೂಲೆಯಲ್ಲಿ ಕೂತು, ಕೇಳಿದವರಿಗೆಲ್ಲ ತಲೆಯಾಡಿಸುತ್ತ, ಸದ್ದಿಲ್ಲದೆ ಒಂದು ಕಿವಿಯನ್ನೇ ನುಂಗಿಬಿಟ್ಟ ಗಡ್ಡೆ. ತನ್ನ ಹಾಗೇ, ಎಂದುಕೊಂಡಿದ್ದಳು. ಕತ್ತು ನೋವಿನ ಬಗ್ಗೆ ಕೇಳಿದಾಗ ಡಾಕ್ಟರು ಈ ಗಡ್ಡೆಗೂ ಅದಕ್ಕೂ ನೇರ ಸಂಬಂಧವಿಲ್ಲ, ನೀವು ತಲೆಯನ್ನು ಒಂದೇ ಕಡೆ ಹಿಡಿಯುವುದರಿಂದ ಬರುತ್ತಿದೆ, ಹಿಡಿಯಬೇಡಿ ಎಂದಿದ್ದರು. ಹಿಡಿಯದಿದ್ದರೆ ಕೇಳುವುದು ಹೇಗೆ ಎಂದು ಅವಳು ಕೇಳಲಿಲ್ಲ. ಹೊರಗೆ ಬಹಳ ಜನ ಕಾಯುತ್ತಿದ್ದರು.

ಅಜ್ಜಿಗೆ ಹೇಳುವುದು ಬೇಡ ಎಂದದ್ದು ಅಮ್ಮ. ತಲೆ, ಗಡ್ಡೆ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಆ ಮುದುಕಿ ಅನ್ನ ಬಿಡುತ್ತಾಳೆ. ಹೇಮಾವತಿಗೆ ಗೊತ್ತಾದರಂತೂ ಸಂಜೆಯೊಳಗೆ ಹೊಸನಗರದ ಸಂತೆಗೆಲ್ಲ ಗೊತ್ತಾಗುತ್ತದೆ. ಹೇಮಾವತಿ ಎಂದರೆ ಹೊಸನಗರದಲ್ಲಿರುವ ಸೋದರಮಾವನ ಹೆಂಡತಿ, ತೃಪ್ತಿಯ ಅತ್ತೆ. ಆ ಅತ್ತೆಯೇ ನಿನ್ನೆ ಅಂಗಡಿಯಲ್ಲಿದ್ದಾಗ ಫೋನು ಮಾಡಿದ್ದಳು. "ನಾಳೆ ರಜಾ ಅಲ್ದೇನೆ ನಿಂಗೆ? ಬೇಗ ಬಾ. ಗುತ್ಯಪ್ಪ ಮಾವ ತೀರ್ಥಹಳ್ಳಿಯಿಂದ ಬರ್ತಿದಾರೆ. ಸೊಂಟ ಹಿಡ್ಕಂಡು ಬಗ್ಗಕ್ಕೇ ಆಗ್ತಿಲ್ವಂತೆ. ನೀನು ಮೆಟ್ತೀನಿ ಅಂದಿದ್ಯಂತಲ್ಲ." ಅಜ್ಜಿಯ ತಮ್ಮ ಗುತ್ಯಪ್ಪಜ್ಜನ ಸೊಂಟ ಮೆಟ್ಟುತ್ತೇನೆಂದು ತಾನು ಯಾವಾಗ ಅಂದೆ ಎಂದು ತೃಪ್ತಿ ಕೇಳುವ ಮೊದಲೇ ಅತ್ತೆ, "ನಿಮ್ಮಜ್ಜಿ ಕೇಳಿದ್ದಕ್ಕೆ ಹೂಂ ಅಂದಿದೀಯಂತೆ. ಮಾವ ಊರಿಗೆಲ್ಲ ಹೇಳ್ಕಂಡು ತಿರುಗ್ತಿದಾರೆ, ಅಕ್ಕನ ಮೊಮ್ಮಗಳು ಒಂದೇ ಮಾತಿಗೆ ಹೂಂ ಅಂದ್ಲು ಅಂತ" ಎಂದಳು. ತೃಪ್ತಿ ಬಲಗಿವಿಯಿಂದ ಎಲ್ಲವನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡಳು. ಕೇಳಿಸಿಕೊಂಡೂ, "ಹೂಂ ಅತ್ತೆ" ಎಂದಳು.

ಹೂಂ ಅವಳ ಬಾಯಲ್ಲಿ ಹುಟ್ಟಿದ್ದು ಅಜ್ಜಿಯ ಕಥೆಗಳಿಂದ. ಅಜ್ಜಿ ರಂಗಮ್ಮ ಹೂಂಗುಟ್ಟುವವರಿಲ್ಲದೆ ಕಥೆ ಹೇಳುತ್ತಿರಲಿಲ್ಲ. ಅವಳ ಕಥೆಯೊಂದರಲ್ಲಿ ಒಲೆಗಳೆಲ್ಲ ಆರಿಹೋದ ಊರಿತ್ತು; ಹೊಳೆಯಾಚೆಯಿಂದ ಕೆಂಡದ ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ರಾಜಕುಮಾರನೊಬ್ಬ ನೀರಿಗಿಳಿಯುತ್ತಿದ್ದ. ನೀರು ಮೊಣಕಾಲಿಗೆ ಬಂತು, ಹೂಂ. ಸೊಂಟಕ್ಕೆ ಬಂತು, ಹೂಂ. ಕುತ್ತಿಗೆಗೆ ಬಂತು. ಅಲ್ಲಿಗೆ ಸರಿಯಾಗಿ ತೃಪ್ತಿಗೆ ನಿದ್ದೆ ಎಳೆಯುತ್ತಿತ್ತು. ಅಜ್ಜಿ ಸುಮ್ಮನಾಗುತ್ತಿದ್ದಳು. ಸುಮ್ಮನಾದದ್ದೇ ಎಚ್ಚರವಾಗುತ್ತಿತ್ತು. "ಹೂಂ ಅನ್ನೇ ಕೂಸೆ. ನೀನು ಹೂಂ ಅನ್ನೋ ತನಕ ಅವನು ಅಲ್ಲೇ ನಿಂತಿರ್ತಾನೆ. ತಲೆ ಮೇಲೆ ಕೆಂಡ, ಕುತ್ತಿಗೆ ಮಟ್ಟ ನೀರು. ಕತ್ತು ನೋಯಲ್ವನೇ ಪಾಪ?" ಅವಳು ಗಾಬರಿಯಿಂದ ಹೂಂ ಹೂಂ ಎನ್ನುತ್ತಿದ್ದಳು. ರಾಜಕುಮಾರ ಒಂದು ಹೆಜ್ಜೆ ಮುಂದೆ ಇಡುತ್ತಿದ್ದ. ಯಾರನ್ನಾದರೂ ನೀರಿನಲ್ಲಿ ನಿಲ್ಲಿಸಿ ನಿದ್ದೆ ಹೋಗುವುದು ಎಷ್ಟು ದೊಡ್ಡ ತಪ್ಪೆಂಬ ಭಯ ಆಗಲೇ ಅವಳೊಳಗೆ ಇಳಿದಿರಬೇಕು. ಈಗಲೂ ಯಾರಾದರೂ ಮಾತಾಡಿ ನಿಲ್ಲಿಸಿದರೆ ಆ ಖಾಲಿ ಜಾಗದಲ್ಲಿ ಯಾರದೋ ಕುತ್ತಿಗೆ ಮಾತ್ರ ಕಾಣಿಸುತ್ತದೆ, ಹೂಂ ಎಂದುಬಿಡುತ್ತಾಳೆ. ಕೇಳಿಸಿತೋ ಇಲ್ಲವೋ ಎಂಬುದು ಆಮೇಲಿನ ಮಾತು.

ಅವತ್ತು, ಹಿಂದಿನ ಸಲ ಬಂದಿದ್ದಾಗ, ಆದದ್ದೂ ಅದೇ. ಇಡೀ ವಾರ ಅಂಗಡಿಯಲ್ಲಿ ಹೊರಳಿದ್ದ ಕತ್ತು ಆ ದಿನ ತಲೆಯನ್ನು ಹೊರುವುದಕ್ಕೇ ಒಲ್ಲೆ ಎನ್ನುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಕಟ್ಟೆಯಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಬಲಗಿವಿ ಕೆಳಗೆ, ಅಜ್ಜಿಯ ಸೀರೆಯ ಮಡಿಕೆಯೊಳಗೆ. ಗೊತ್ತಿದ್ದೇ ಹಾಗೆ ಮಲಗಿದ್ದಳು. ಒಳ್ಳೆಯ ಕಿವಿಯನ್ನು ಮುಚ್ಚಿದರೆ ಲೋಕ ಆರುತ್ತದೆ, ಸಿಳ್ಳೆಯೊಂದು ಉಳಿಯುತ್ತದೆ, ಕತ್ತಿನ ಹಿಂಡು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತದೆ. ಅಜ್ಜಿ ಕಥೆ ಶುರುಮಾಡಿದ್ದು ಅವಳಿಗೆ ತೊಡೆಯ ನಡುಕದಿಂದ ಗೊತ್ತಾಯಿತು. ನಡುಕ ನಿಂತಾಗಲೆಲ್ಲ ಹೂಂ ಎಂದಳು. ಮತ್ತೆ ನಡುಕ, ಮತ್ತೆ ಹೂಂ. ಎಷ್ಟು ಸುಖವಾಗಿತ್ತು. ಅಷ್ಟು ವರ್ಷ ಕೇಳಿದ ಕಥೆ, ಕೇಳದಿದ್ದರೂ ನಡೆಯುತ್ತದೆ, ಅವನು ಹೇಗೂ ದಡ ಸೇರುತ್ತಾನೆ ಎಂದುಕೊಂಡೇ ನಿದ್ದೆ ಹೋಗಿದ್ದಳು. ಆ ನಡುಕಗಳಲ್ಲೊಂದು ಗುತ್ಯಪ್ಪಜ್ಜನ ಸೊಂಟವಾಗಿತ್ತೆಂದು ಯಾರು ಕಂಡಿದ್ದರು?

ದಾರಿಯ ನಡುವಿನ ಊರು ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಂತಾಗ ಯಾರೋ ಎಳನೀರು ಹತ್ತಿಸಿದರು. ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. ಚಪ್ಪಲಿಯೊಳಗೆ, ಎಲ್ಲರ ಕಾಲಿನಂಥವೇ ಎರಡು ಕಾಲು. ತೃಪ್ತಿ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. "ಎಲ್ಲ ಕೂಸುಗಳೂ ತಲೆ ಬಗ್ಗಿಸ್ಕಂಡು ಬರ್ತಾವೆ. ಇವಳೊಬ್ಳು, ನೆಲ ಗಟ್ಟಿ ಇದ್ಯಾ ಅಂತ ಕಾಲಿಟ್ಟು ನೋಡ್ಕಂಡು ಬಂದ್ಲು" ಎಂದು ಅಜ್ಜಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹುಟ್ಟಿದವರು ಮೆಟ್ಟಿದರೆ ಉಳುಕು ಹೋಗುತ್ತದೆಂಬ ನಂಬಿಕೆ ಈ ಕಡೆಯದು. ನಡೆಯಲು ಕಲಿತಾಗಿನಿಂದ ಅವಳು ಬೆನ್ನುಗಳನ್ನು ಮೆಟ್ಟುತ್ತ ಬಂದಿದ್ದಳು. ಎಡಗಾಲಿನಿಂದ, ಮೂರು ಸಲ, ಮಾತಾಡದೆ. ಗೋಡೆಯನ್ನಾಗಲಿ ಯಾರ ಕೈಯನ್ನಾಗಲಿ ಹಿಡಿಯುವಂತಿಲ್ಲ. ಹಿಡಿದರೆ ಉಳುಕು ಅಲ್ಲಿಗೆ ಹತ್ತುತ್ತದಂತೆ. ಕೂಲಿಯವರ ಬೆನ್ನು, ಬಾಣಂತಿಯರ ಬೆನ್ನು, ಬೆವರಿನ ವಾಸನೆಯ, ನೋವಿನೆಣ್ಣೆಯ ವಾಸನೆಯ ಬೆನ್ನುಗಳು. ಒಮ್ಮೆ ಶಾಲೆಯ ಹೆಡ್‌ಮಾಸ್ತರು ಮಹಾಗಣಪತಿ ಮೇಷ್ಟ್ರೇ ಅಂಗಿ ಕಳಚಿ ಅವಳೆದುರು ಬೋರಲಾಗಿ ಮಲಗಿದ್ದರು. ಮಾರನೆಯ ದಿನ ತರಗತಿಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಪಾಠ ಮುಗಿಯುವತನಕ ಅವಳ ಕಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹುಡುಗರು ಮೆಟ್ಟಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಆಗ ನಾಚಿಕೆಯಾಗುತ್ತಿತ್ತು. ಆದರೆ ಮೆಟ್ಟಿಸಿಕೊಂಡವರು ಎದ್ದು ಹೋಗುವಾಗ ಅಜ್ಜಿ ಅವಳ ಪಾದವನ್ನು ಸೆರಗಿನಿಂದ ಒರೆಸುತ್ತಿದ್ದಳಲ್ಲ, ಆ ಒರೆಸುವಿಕೆಯಲ್ಲಿ ಒಂದು ಹೆಮ್ಮೆಯಿತ್ತು; ಬೇರೆ ಯಾವ ಮಾರ್ಕ್ಸ್ ಕಾರ್ಡಿಗೂ ಅಜ್ಜಿ ಹಾಗೆ ಬೀಗಿರಲಿಲ್ಲ.

ಆ ಕಾಲಿಗೆ ಈಗ ನೆಲ ಗಟ್ಟಿ ಇರಲಿಲ್ಲ. ಗಡ್ಡೆ ಒತ್ತುತ್ತಿದ್ದದ್ದು ಕೇಳುವ ನರವನ್ನಷ್ಟೇ ಅಲ್ಲ, ಅದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ನರವನ್ನೂ. ನಿಲ್ಲುವುದು, ನಡೆಯುವುದು, ಬೀಳದಿರುವುದು ಅದರ ಕೆಲಸವಂತೆ. ಹದಿನೈದು ದಿನದ ಕೆಳಗೆ ಅಂಗಡಿಯಲ್ಲಿ ಕೆಳಗಿನ ಕಪಾಟಿನಿಂದ ಎದ್ದವಳು ಹಾಗೇ ಎಡಕ್ಕೆ ವಾಲಿ, ಫ್ರೇಮುಗಳ ಟ್ರೇಯನ್ನು ನೆಲಕ್ಕೆ ಚೆಲ್ಲಿದ್ದಳು. ಬಿಪಿ ಕಡಿಮೆ ಎಂದು ಸುಳ್ಳು ಹೇಳಿದ್ದಳು. ಒಂಟಿಕಾಲಿನಲ್ಲಿ ನಿಲ್ಲುವುದನ್ನು ನಿನ್ನೆ ಸಂಜೆ ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಲು ಹೋಗಿ, ನಲ್ಲಿಯನ್ನು ಹಿಡಿದುಕೊಂಡು ನಿಂತಿದ್ದಳು. ಮುದುಕನ ಬೆನ್ನ ಮೇಲೆ ಬಿದ್ದರೆ? ಎಲುಬು ಲಟ್ಟೆಂದರೆ? ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ತಲೆ, ಗಡ್ಡೆ. ಇದಲ್ಲದೆ ಇನ್ನೊಂದು ಇತ್ತು, ಅದನ್ನು ಅವಳು ಪೂರ್ತಿ ಯೋಚಿಸಲು ಬಿಡುತ್ತಿರಲಿಲ್ಲ: ಕಿವಿ ಹೋಯಿತು, ಈಗ ಕಾಲೂ ಹೋಯಿತೆಂದರೆ ಅಜ್ಜಿಗೆ ಬೀಗಲು ತನ್ನಲ್ಲಿ ಉಳಿಯುವುದೇನು?

ಹೊಸನಗರದಲ್ಲಿ ಇಳಿದು, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕಾಂಪೌಂಡಿನ ಗೋಡೆಗೆ ಬೆರಳು ತಾಗಿಸಿಕೊಂಡೇ ನಡೆದಳು. ಸುಮ್ಮನೆ ಆಟಕ್ಕೆ ಹಾಗೆ ಮಾಡುವವಳಂತೆ. ಶಿವರಾಮ ಮಾವನ ವೆಲ್ಡಿಂಗ್ ಶಾಪು ಮನೆಗೆ ಅಂಟಿಕೊಂಡೇ ಇದೆ; ಮುಖಕ್ಕೆ ಕಪ್ಪು ಗಾಜು ಹಿಡಿದುಕೊಂಡು ಗೇಟೊಂದರ ಮೇಲೆ ಬಗ್ಗಿದ್ದ ಮಾವ ಅವಳನ್ನು ಕಂಡು ಗಾಜು ಇಳಿಸಿ ಏನೋ ಹೇಳಿದ. ಕಬ್ಬಿಣ ಉಜ್ಜುತ್ತಿದ್ದ ಆಳಿನ ಗ್ರೈಂಡರಿನ ಸದ್ದಿನಲ್ಲಿ ಮಾವನ ಬಾಯಿ ಮಾತ್ರ ಆಡಿತು. ಹೂಂ ಮಾವ, ಎಂದಳು. ಮಾವ ನಕ್ಕ. ಏನು ಹೇಳಿದ್ದನೋ.

"ಬಂದ್ಲು ನೋಡಿ ಡಾಕ್ಟ್ರಮ್ಮ" ಎಂದು ಹೇಮಾವತಿ ಅತ್ತೆ ಬಾಗಿಲಲ್ಲೇ ಕೈ ಹಿಡಿದಳು. ಒಳಗೆ, ಟೈಲ್ಸ್ ನೆಲದ ಮೇಲೆ ಹಾಸಿದ ಚಾಪೆಯ ಪಕ್ಕ, ಪ್ಲಾಸ್ಟಿಕ್ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಗುತ್ಯಪ್ಪಜ್ಜ ಕೂತಿದ್ದ. ಅಜ್ಜಿಯ ತಮ್ಮ, ಅಜ್ಜಿಯದೇ ಮೂಗು. "ಬಾರವ್ವ ಬಾ. ತೀರ್ಥಹಳ್ಳಿಯಿಂದ ಬಸ್ಸಲ್ಲಿ ನಿಂತ್ಕಂಡೇ ಬಂದೆ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಕಂಡಕ್ಟ್ರು, ಅಜ್ಜಾ ಸೀಟು ಖಾಲಿ ಅದೆ ಕೂತ್ಕಳಿ ಅಂದ. ಇಲ್ಲ ಮಾರಾಯ, ನಾನು ಹರಕೆ ಹೊತ್ತಿದೀನಿ ಅಂದೆ."

"ಯಾವ ದೇವರಿಗೆ ಅಂತ ಕೇಳ್ಲಿಲ್ವಾ?" ಎಂದಳು ಅತ್ತೆ.

"ಕೇಳ್ದ. ನನ್ನ ಅಕ್ಕನ ಮೊಮ್ಮಗಳ ಪಾದಕ್ಕೆ ಅಂದೆ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತೃಪ್ತಿ ಬಂದಾಗ ಯಾವತ್ತೂ ಕೇಳುವಂತೆ ಉಂಡು ಬಂದ್ಯಾ ಎಂದು ಕೇಳಿರಲಿಲ್ಲ. ಅಥವಾ ಕೇಳಿದ್ದು ಎಡಗಿವಿಗೆ ಬಿದ್ದಿತ್ತೋ ಏನೋ. ತೃಪ್ತಿ ಬೇಕೆಂದೇ ಸುತ್ತು ಹಾಕಿ ಅಜ್ಜಿಯ ಎಡಕ್ಕೆ ಹೋಗಿ, ಬಲಗಿವಿ ಅಜ್ಜಿಯ ಕಡೆ ಬರುವಂತೆ ಕೂತಳು. ಅಜ್ಜಿ ಎಲೆಯನ್ನು ಬಾಯಿಗಿಟ್ಟುಕೊಂಡು ಮುಖ ಆಚೆ ತಿರುಗಿಸಿದಳು. ಸಿಟ್ಟಿದೆ ಎಂದು ತೃಪ್ತಿಗೆ ಗೊತ್ತಾಯಿತು. ಯಾಕೆಂದು ಗೊತ್ತಾಗಲಿಲ್ಲ. ಯಾವುದೋ ಮಾತಿಗೆ ಹೂಂ ಎನ್ನುವುದನ್ನು ಮರೆತೆನೇ ಎಂದು ಹುಡುಕತೊಡಗಿದಳು.

"ಹೊತ್ತು ಮಾಡ್ಬ್ಯಾಡಿ, ಮಾವಂಗೆ ಮೂರು ಗಂಟೆ ಬಸ್ಸಿಗೆ ಹೋಗ್ಬೇಕು" ಎಂದು ಅತ್ತೆ ತಲೆದಿಂಬು ಎಳೆದಳು. ಗುತ್ಯಪ್ಪಜ್ಜ ಅಯ್ಯಯ್ಯೋ ಎನ್ನುತ್ತ ಮೊದಲು ಮೊಣಕಾಲಿಗೆ, ಆಮೇಲೆ ಕೈಗಳಿಗೆ ಇಳಿದು, ಕೊನೆಗೆ ಬೋರಲಾದ. ಅಂಗಿ ಮೇಲೆತ್ತಿದಾಗ ಕಂಡ ಬೆನ್ನು ಅವಳು ನೆನೆದದ್ದಕ್ಕಿಂತ ಸಣ್ಣದಿತ್ತು. ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಇಂಥ ಬೆನ್ನಿನ ಮೇಲೆ ಮನುಷ್ಯಳೊಬ್ಬಳು ಬೀಳುವುದಕ್ಕೆ ಜಾಗವೇ ಇಲ್ಲ. ಅವಳು ಎದ್ದು ನಿಂತಳು. ಗೋಡೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಬಾಗಿಲ ಚೌಕಟ್ಟೂ ಇತ್ತು. "ಗೋಡೆ ಹಿಡಿಯಂಗಿಲ್ಲ ಕಣೇ, ಮೊನ್ನೆಯಷ್ಟೇ ಬಣ್ಣ ಹೊಡ್ಸಿದೀವಿ, ಉಳುಕು ಹತ್ತೀತು" ಎಂದು ಅತ್ತೆ ಅರ್ಧ ತಮಾಷೆಯಲ್ಲಿ, ಅರ್ಧ ನಿಜವಾಗಿ ಅಂದಳು.

ಈಗ ಹೇಳಬಹುದಿತ್ತು. ಆಗುವುದಿಲ್ಲ ಅಜ್ಜ, ನನ್ನ ತಲೆಯೊಳಗೆ ಒಂದು ಕಾಳಿದೆ, ಅದು ನನ್ನನ್ನು ನಿಲ್ಲಲು ಬಿಡುವುದಿಲ್ಲ. ಮಾತು ಬಾಯಿಯವರೆಗೆ ಬಂತು. ಮೆಟ್ಟುವಾಗ ಮಾತಾಡುವಂತಿಲ್ಲ ಎಂಬುದು ನೆನಪಾಗಿ, ಆ ನಿಯಮವೇ ತನ್ನನ್ನು ಉಳಿಸಿತೆಂಬಂತೆ ಬಾಯಿ ಮುಚ್ಚಿ ಎಡಗಾಲನ್ನೆತ್ತಿದಳು. ಮೊದಲನೆಯದು ಆಯಿತು, ಪಾದದಡಿಗೆ ಬಿಸಿಯಾದ, ಸಡಿಲವಾದ ಚರ್ಮ. ಎರಡನೆಯದಕ್ಕೆ ಕಾಲೆತ್ತುವಾಗ ಪಕ್ಕದ ಶಾಪಿನಲ್ಲಿ ಗ್ರೈಂಡರು ಕಿರುಚಿತು, ಎದುರಿನ ಕ್ಯಾಲೆಂಡರು ಮೆಲ್ಲನೆ ಬಲಕ್ಕೆ ಸರಿಯತೊಡಗಿತು. ಕಣ್ಣನ್ನು ಕ್ಯಾಲೆಂಡರಿನ ಮೇಲೇ ಕೀಲಿಸಿದಳು. ಎರಡನೆಯದೂ ಆಯಿತು. ಮೂರನೆಯದಕ್ಕೆ ಕಾಲು ಮೇಲೆದ್ದದ್ದೇ, ಇಡೀ ಮನೆ ಎಡಗಡೆಯ ಕೊಂಡಿ ಕಳಚಿದ ತೂಗುತೊಟ್ಟಿಲಿನ ಹಾಗೆ ಒಂದು ಕಡೆ ಜಗ್ಗಿತು. ಬೀಳುತ್ತಿದ್ದೇನೆ ಎಂಬುದು ಅವಳಿಗೆ ಬಹಳ ನಿಧಾನವಾಗಿ ಗೊತ್ತಾಯಿತು. ಮೈಯನ್ನು ಮುದುಕನಿಂದ ಆಚೆಗೆ ಎಸೆಯುವಷ್ಟು ಹೊತ್ತೂ ಸಿಕ್ಕಿತು. ಮೊಣಕಾಲು ಟೈಲ್ಸಿಗೆ ಬಡಿಯಿತು. ಒಂದು ಕೈ ಗುತ್ಯಪ್ಪಜ್ಜನ ಭುಜದ ಮೇಲೆ ಬಿತ್ತು. ಕತ್ತಿನಲ್ಲಿ ಏನೋ ಚಳುಕ್ ಎಂದು ತಲೆಯವರೆಗೆ ಹತ್ತಿತು.

"ಅಯ್ಯೋ ದೇವ್ರೇ!" ಅತ್ತೆ ಕೂಗಿದಳು. "ಎಂತಾತೇ? ಒಳ್ಳೆ ಕುಡಿದವರ ಥರ!"

"ನಂಗೇನೂ ಆಗಿಲ್ಲ, ಆಗಿಲ್ಲ" ಎಂದು ಚಾಪೆಯೊಳಗಿಂದ ಗುತ್ಯಪ್ಪಜ್ಜನ ದನಿ ಬಂತು. "ಮೂರನೇದು ಕೈಯಲ್ಲಿ ಮೆಟ್ಟಿದ್ಲಾ ಹೆಂಗೆ? ಅದು ಲೆಕ್ಕಕ್ಕೆ ಬರ್ತದಾ ಅಕ್ಕಾ?"

ತೃಪ್ತಿ ಮುಖವೆತ್ತಿ ಅಜ್ಜಿಯನ್ನು ನೋಡಿದಳು. ಅಜ್ಜಿ ಗೋಡೆಗೆ ಕೈಯೂರಿ ಎದ್ದು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟಳು. ಪಾದವನ್ನು ಒರೆಸಲು ಬರಲಿಲ್ಲ. ಅಷ್ಟು ಸಾಕಾಯಿತು. ಮೊಣಕಾಲಿನ ನೋವಿಗಲ್ಲ, ಕತ್ತಿನದಕ್ಕೂ ಅಲ್ಲ, ಒರೆಸದ ಆ ಪಾದಕ್ಕೆ ಅವಳ ಕಣ್ಣು ತುಂಬಿಕೊಂಡಿತು. ಅತ್ತೆ ನೀರು ತರಲು ಹೋದಳು. ತೃಪ್ತಿ ಎದ್ದು, ಹೊಸ ಬಣ್ಣದ ಗೋಡೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಹಿತ್ತಿಲಿಗೆ ನಡೆದಳು. ಹತ್ತುವುದಾದರೆ ಹತ್ತಲಿ.

ಅಜ್ಜಿ ಕಟ್ಟೆಯ ಮೇಲೆ, ಅವತ್ತು ಕೂತಿದ್ದ ಜಾಗದಲ್ಲೇ ಕೂತಿದ್ದಳು. ಹತ್ತಿರ ಹೋಗಿ ಕೂತಾಗ ಎಡಗಿವಿ ಅಜ್ಜಿಯ ಕಡೆ ಬಂತು. ಸರಿಪಡಿಸಿಕೊಳ್ಳಲು ಸುತ್ತು ಬರುವ ಶಕ್ತಿ ಉಳಿದಿರಲಿಲ್ಲ. ಕತ್ತನ್ನು ಎಡಕ್ಕೆ ಹೊರಳಿಸಿದಳು. ನೋವು ಎಳೆಯಿತು. ಅಜ್ಜಿಯ ತುಟಿಗಳನ್ನು ನೋಡುತ್ತ ಕೂತಳು.

"ಬ್ಯಾಡ ಅಂದ್ರೆ ಬ್ಯಾಡ ಅನ್ಬೇಕು" ಎಂದಳು ಅಜ್ಜಿ. "ಮನಸ್ಸಿಲ್ದೆ ಮೆಟ್ಟಿದ್ರೆ ಬೀಳದೆ ಇನ್ನೇನಾಗ್ತದೆ?"

"ಮನಸ್ಸಿಲ್ದೆ ಅಲ್ಲ ಅಜ್ಜಿ."

"ನಂಗೆ ಗೊತ್ತಿಲ್ವಾ? ಅವತ್ತು ಈ ತೊಡೆ ಮೇಲೆ ಮಲಗಿದ್ದೆ. ಹೂಂ ಹೂಂ ಅಂತಿದ್ದೆ. ನಿನ್ನ ಹೂಂ ಜಾಗ ತಪ್ಪಿದ್ದು ನಂಗೆ ಗೊತ್ತಾಗಲ್ವನೇ? ಹೂಂ ಕೇಳ್ಕಂಡೇ ಮುದುಕಿ ಆದವಳು ನಾನು." ಅಜ್ಜಿ ಎಲೆಯ ರಸವನ್ನು ಗಿಡದ ಬುಡಕ್ಕೆ ಉಗುಳಿದಳು. "ಮೊದ್ಲು ಗುತ್ಯಪ್ಪನ ಸೊಂಟದ್ದು ನಾನು ಕೇಳ್ದೆ, ನೀನು ಹೂಂ ಅಂದೆ. ಖುಷಿಯಾತು. ಆಮೇಲೆ ಯಾಕೋ ಅನುಮಾನ ಬಂತು. ನೋಡಾಣ ಅಂತ ರಾಜಕುಮಾರನ್ನ ಮುಳುಗಿಸಿಬಿಟ್ಟೆ."

ತೃಪ್ತಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಸಂಶಯವಾಯಿತು.

"ಹೌದು. ಕುತ್ತಿಗೆ ಮಟ್ಟ ನೀರು ಬಂತು, ತಲೆ ಮಟ್ಟ ಬಂತು, ಮಡಕೆಯ ಕೆಂಡ ಚುಂಯ್ ಅಂತು, ಮುಳುಗಿದ ಅಂದೆ. ನೀನು ಹೂಂ ಅಂದೆ." ಅಜ್ಜಿಯ ದನಿ ಒಡೆಯಿತು. "ಹೂಂ ಅಂದೆ ಕಣೇ. ನೆಮ್ಮದಿಯಾಗಿ ಹೂಂ ಅಂದು ನಿದ್ದೆ ಹೋದೆ. ಮುದುಕಿ ಕಥೆ ಸಾಕಾಗಿದ್ರೆ ಸಾಕು ಅನ್ನು. ನಾನೇನು ಹಿಡ್ಕಂಡು ಹೇಳ್ತೀನಾ? ಮೊಬೈಲಲ್ಲಿ ಬೇಕಾದಷ್ಟು ಕಥೆ ಬರ್ತಾವಂತಲ್ಲ."

ಗಡ್ಡೆಯ ವಿಷಯ ತಿಳಿದರೆ ಅಜ್ಜಿ ಅನ್ನ ಬಿಡುತ್ತಾಳೆಂದು ಅಮ್ಮ ಹೆದರಿದ್ದಳು. ಅದನ್ನು ತಿಳಿಯದೆ ಅಜ್ಜಿ ಕಥೆಯನ್ನೇ ಬಿಟ್ಟಿದ್ದಳು. ಇಷ್ಟು ದಿನ ಈ ಕಟ್ಟೆಯ ಮೇಲೆ ಒಬ್ಬಳೇ ಕೂತು, ತಾನೇ ಮುಳುಗಿಸಿದವನನ್ನು ನೆನೆದುಕೊಂಡು, ಮೊಮ್ಮಗಳಿಗೆ ತಾನು ಬೇಡವಾದೆನೆಂದು ನಂಬಿಕೊಂಡು. ತೃಪ್ತಿಗೆ ಸುಸ್ತು ಎದೆಯಿಂದ ಕೈಗಳಿಗೆ ಇಳಿಯಿತು. ಬಚ್ಚಿಡುವುದಕ್ಕೂ ಒಂದು ಬಲ ಬೇಕು, ಅದು ಮುಗಿದಿತ್ತು.

"ಕೇಳಿಸ್ಲಿಲ್ಲ ಅಜ್ಜಿ" ಎಂದಳು. "ಈ ಕಿವಿ ಕೇಳಲ್ಲ. ಒಂದು ವರ್ಷದ ಮೇಲಾಯ್ತು. ಅವತ್ತು ಒಳ್ಳೆ ಕಿವಿ ನಿನ್ನ ತೊಡೆ ಮೇಲಿತ್ತು. ನಿನ್ನ ಮಾತು ಒಂದೂ ಕೇಳಿಸ್ಲಿಲ್ಲ. ಸುಮ್ನೆ ಹೂಂ ಅಂದೆ."

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಉಳಿದದ್ದೆಲ್ಲ ತಾನಾಗಿ ಹೊರಬಂತು. ಕಡಲೆಕಾಳು, ಸಿಳ್ಳೆ, ವಾಲುವ ನೆಲ, ಟ್ರೇ ಬಿದ್ದದ್ದು, ಹೊರಳಿಸಿ ಹೊರಳಿಸಿ ಹಿಂಡಿಹೋದ ಕತ್ತು. ತಲೆ ಮತ್ತು ಗಡ್ಡೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅಜ್ಜಿ ಹೂಂ ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು. "ಸಾಯ್ತೀಯಾ?"

"ಇಲ್ಲ. ಅದು ಅಂಥದ್ದಲ್ಲ."

"ಮತ್ತೆ ಎಂತ ಮಾಡ್ತಾರಂತೆ?"

"ಎಂತದೂ ಇಲ್ಲ. ಬೆಳೀತದಾ ಅಂತ ವರ್ಷಕ್ಕೊಂದ್ಸಲ ನೋಡ್ತಾರೆ. ಕಾಯ್ಬೇಕಂತೆ."

"ಕಾಯಕ್ಕೆ ಹೇಳೋದಕ್ಕೂ ಡಾಕ್ಟ್ರೇ ಬೇಕಾತಾ?" ಎಂದಳು ಅಜ್ಜಿ. ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಮುಗಿಯಲಿಲ್ಲ. ಆಮೇಲೆ ಒರಟು ಹೆಬ್ಬೆರಳನ್ನು ತೃಪ್ತಿಯ ಕತ್ತಿನ ಹಿಂದೆ ಇಟ್ಟು, ನೋವಿನ ಗಂಟನ್ನು ಹುಡುಕದೆಯೇ ಕಂಡುಹಿಡಿದು, ಒತ್ತಿದಳು. "ಊರವ್ರ ಉಳುಕು ತೆಗೆದವಳು. ನಿಂಗೆ ಮೆಟ್ಟಕ್ಕೆ ಯಾರೂ ಇಲ್ದಂಗಾತಲ್ಲ. ನಿನ್ನ ಕಾಲು ನಿನ್ನ ಕುತ್ತಿಗೆಗೆ ಮುಟ್ಟದು. ಕೂಸಾಗಿದ್ದಾಗ ಕಾಲು ಎತ್ತಿ ಬಾಯಿಗೆ ಇಟ್ಕಳ್ತಿದ್ದೆ. ಆವಾಗ್ಲೇ ಒಂದ್ಮೂರು ಸಲ ಮೆಟ್ಟಿಸಿ ಇಟ್ಟುಬಿಡಬೇಕಿತ್ತು ನಾನು."

ತೃಪ್ತಿ ನಕ್ಕಳು. ನಕ್ಕರೆ ಕತ್ತು ನೋಯುತ್ತಿತ್ತು, ಆದರೂ ನಕ್ಕಳು. ಒಳಗಿನಿಂದ ಗುತ್ಯಪ್ಪಜ್ಜನ ದನಿ ಬಂತು. "ಅಕ್ಕೋ! ಮೂರನೇದು ಬಾಕಿ ಅದೆ! ನಾನು ಏಳ್ಲೋ ಬ್ಯಾಡ್ವೋ?"

"ಮಲಕ್ಕಂ ಇರೋ!" ಅಜ್ಜಿ ಕೂಗಿದಳು. "ಸೊಂಟಕ್ಕೆ ಒಳ್ಳೇದು!" ಆಮೇಲೆ ತಗ್ಗಿದ ದನಿಯಲ್ಲಿ, "ಕುರ್ಚಿ ಮೇಲೆ ಕೂತ್ಕಂಡು ಮೆಟ್ಟು. ನಾನು ಕಾಲು ಹಿಡ್ಕಳ್ತೀನಿ. ಉಳುಕು ಹತ್ತೋದಾದ್ರೆ ನಂಗೆ ಹತ್ತಲಿ, ನಂದು ಹೆಂಗೂ ಎಲ್ಲ ಉಳುಕಿದ್ದೇ" ಎಂದಳು.

ಹೀಗೆಂದವಳು ಎದ್ದಳು. ಹೋಗುತ್ತಾಳೆಂದುಕೊಂಡರೆ ಹೋಗಲಿಲ್ಲ. ಕಟ್ಟೆಯ ತುದಿ ಹಿಡಿದು, ತೃಪ್ತಿಯ ಮುಂದಿನಿಂದ ನಿಧಾನವಾಗಿ ಸುತ್ತು ಬಂದು, ಅವಳ ಬಲಕ್ಕೆ ಕೂತಳು. ತೃಪ್ತಿಯ ತಲೆ ಎಡಕ್ಕೇ ಹೊರಳಿಕೊಂಡಿತ್ತು. ಹೊರಳಿದ್ದು ಅವಳಿಗೇ ಮರೆತುಹೋಗಿತ್ತು. ಅಜ್ಜಿ ಎರಡೂ ಕೈಗಳಿಂದ ಅದನ್ನು ಹಿಡಿದು, ಮಡಕೆಯೊಂದನ್ನು ಸರಿಯಾಗಿ ಕೂರಿಸುವಂತೆ, ನೇರಕ್ಕೆ ತಂದು ಬಿಟ್ಟಳು.

"ಅಜ್ಜಿ, ಅವನನ್ನ ಈಗ ಎಂತ ಮಾಡ್ತೀಯ? ಮುಳುಗಿದನಲ್ಲ?"

"ಯಾರು?"

"ರಾಜಕುಮಾರ."

"ಎಲ್ಲಿ ಮುಳುಗಿದ?" ಎಂದಳು ಅಜ್ಜಿ. "ನೀನು ಕೇಳೇ ಇಲ್ವಲ್ಲ."

ಅವಳ ದನಿ ಈಗ ಇಡಿಯಾಗಿ ಬಲಗಿವಿಗೆ ಬರುತ್ತಿತ್ತು, ಎಲೆಯ ವಾಸನೆಯ ಸಮೇತ. ಒಲೆಯಾರಿದ ಊರು ಬಂತು, ಹೊಳೆ ಬಂತು, ಮಡಕೆ ತಲೆಗೇರಿತು. ಮೊಣಕಾಲಿಗೆ ನೀರು, ಹೂಂ. ಸೊಂಟಕ್ಕೆ ನೀರು, ಹೂಂ. ನೀರು ಕುತ್ತಿಗೆಗೆ ಬಂತು ಎಂದಳು ಅಜ್ಜಿ, ಮತ್ತು ಅಷ್ಟರಲ್ಲಿ ಮಾವನ ಗ್ರೈಂಡರು ಕಬ್ಬಿಣಕ್ಕೆ ಬಾಯಿ ಹಾಕಿತು. ಅಜ್ಜಿಯ ತುಟಿ ಆಡುವುದು ಓರೆಗಣ್ಣಿಗೆ ಕಾಣುತ್ತಿತ್ತು. ತುಟಿ ನಿಂತಿತು. ಆ ಖಾಲಿ ಜಾಗ ಬಂತು. ಹೂಂ ಗಂಟಲಿನವರೆಗೆ ತಾನಾಗಿ ಏರಿ ನಿಂತದ್ದನ್ನು ತೃಪ್ತಿ ಗಮನಿಸಿದಳು, ಅದನ್ನು ನುಂಗಿದಳು.

"ಕೇಳಿಸ್ಲಿಲ್ಲ" ಎಂದಳು.

ಅಜ್ಜಿ ತಲೆಯಾಡಿಸಿ, ಗ್ರೈಂಡರು ನಿಲ್ಲುವುದನ್ನು ಕಾಯುತ್ತ ಸುಮ್ಮನೆ ಕೂತಳು. ತೃಪ್ತಿಯೂ ಕತ್ತು ತಿರುಗಿಸದೆ ಕೂತಳು. ಒಳಗೆ ಚಾಪೆಯ ಮೇಲೆ ಗುತ್ಯಪ್ಪಜ್ಜ, ಹೊಳೆಯ ನಡುವೆ ರಾಜಕುಮಾರ, ಕುತ್ತಿಗೆ ಮಟ್ಟ ನೀರಿನಲ್ಲಿ, ತಲೆಯ ಮೇಲೆ ಕೆಂಡ ಇನ್ನೂ ಆರದೆ.